ತಾಯಿಯಿಲ್ಲದ ಮನೆಗೆ ಯಾವ ಯೋಜನೆ?

ಪ್ರಶ್ನೆ: ನಾನು ಗಾರೆ ಕೆಲಸ ಮಾಡುತ್ತೇನೆ. ಐದು ತಿಂಗಳ ಹಿಂದೆ ನನ್ನ ಹೆಂಡತಿ ಕಾಯಿಲೆಯಿಂದ ತೀರಿಕೊಂಡಳು. ಎರಡನೇ ತರಗತಿಯ ಮಗಳು, ಮೂರು ವರ್ಷದ ಮಗ ಇದ್ದಾರೆ. ಗೃಹಲಕ್ಷ್ಮಿ ಹಣ ನಿಂತಿದೆ, ಪಡಿತರ ಚೀಟಿಯಲ್ಲಿ ಈಗಲೂ ಅವಳ ಹೆಸರೇ ಯಜಮಾನಿ ಎಂದಿದೆ. ಮಕ್ಕಳನ್ನು ನೋಡಿಕೊಳ್ಳಲು ನನ್ನ ತಾಯಿ ಬಂದಿದ್ದಾರೆ, ಆದರೆ ಅವರ ಹೆಸರು ಅಣ್ಣನ ಕಾರ್ಡಿನಲ್ಲಿದೆ. ಗಂಡಸರಿಗೆ ಸರ್ಕಾರದ ಯಾವ ಯೋಜನೆಯೂ ಇಲ್ಲ ಎಂದು ಊರಿನಲ್ಲಿ ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಊರಿನವರ ಮಾತು ಅರ್ಧ ಮಾತ್ರ ನಿಜ. ವಿಧವೆಯರಿಗೆ ಇರುವಂತೆ ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ನಮ್ಮ ರಾಜ್ಯದಲ್ಲಿ ಮಾಸಾಶನವಿಲ್ಲ. ಆದರೆ ನಿಮ್ಮ ಮನೆಗೆ ಸಲ್ಲಬೇಕಾದದ್ದರಲ್ಲಿ ಹೆಚ್ಚಿನ ಪಾಲು ಕುಟುಂಬದ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಿ ಇಲ್ಲವೇ ಕಾರ್ಮಿಕನಾಗಿ ನಿಮ್ಮದೇ ಹೆಸರಿನಲ್ಲಿದೆ. ತಾಯಿ ತೀರಿಕೊಂಡ ಮಾತ್ರಕ್ಕೆ ಇವು ಯಾವುವೂ ರದ್ದಾಗುವುದಿಲ್ಲ. ಕೇಳುವವರಿಲ್ಲದೆ ಹಾಗೆಯೇ ಉಳಿದುಹೋಗುತ್ತವೆ, ಅಷ್ಟೇ.

ಎಲ್ಲಕ್ಕೂ ಮೊದಲು ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿಗಳನ್ನು ಪಡೆದು ಇಟ್ಟುಕೊಳ್ಳಿ. ಆ ನಂತರ ನಿಮ್ಮ ಹೆಂಡತಿಯ ಬ್ಯಾಂಕ್ ಪಾಸ್‌ಬುಕ್ ತೆಗೆದು, ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾದ ನಮೂದು ಇದೆಯೇ ಎಂದು ಒಂದೊಂದೇ ಸಾಲು ನೋಡಿ. ಇದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. ಖಾತೆ ತೆರೆಯುವಾಗಲೋ ಸ್ವಸಹಾಯ ಸಂಘದ ಸಾಲ ಪಡೆಯುವಾಗಲೋ ಸಹಿ ಹಾಕಿ ಮರೆತವರು ಬಹಳ ಮಂದಿ ಇದ್ದಾರೆ. ಮರಣದ ದಿನ ಆ ವಿಮೆ ಚಾಲ್ತಿಯಲ್ಲಿದ್ದರೆ, ಸಾವು ಕಾಯಿಲೆಯಿಂದ ಸಂಭವಿಸಿದ್ದರೂ ನಾಮನಿರ್ದೇಶಿತರಿಗೆ 2 ಲಕ್ಷ ರೂಪಾಯಿ ಸಲ್ಲುತ್ತದೆ. 20 ರೂಪಾಯಿಯ ಕಡಿತ ಮಾತ್ರ ಕಂಡರೆ ಅದು ಅಪಘಾತ ವಿಮೆ, ನಿಮ್ಮ ಪ್ರಕರಣಕ್ಕೆ ಅನ್ವಯವಾಗುವುದಿಲ್ಲ. ಈ ಕೆಲಸವನ್ನು ಮುಂದೂಡದೆ ಬ್ಯಾಂಕಿನ ಶಾಖೆಗೆ ಹೋಗಿ ವಿಚಾರಿಸಿ.

ಎರಡನೆಯದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ಆಧಾರಸ್ತಂಭವಾದ ವ್ಯಕ್ತಿ ತೀರಿಕೊಂಡರೆ ಒಂದು ಬಾರಿಗೆ 20,000 ರೂಪಾಯಿ ಕೊಡುವ ಯೋಜನೆ ಇದು. 'ದುಡಿಯುವ ಗಂಡಸು ಸತ್ತರೆ ಮಾತ್ರ' ಎಂದು ಹೇಳಿ ನಿಮ್ಮನ್ನು ವಾಪಸು ಕಳುಹಿಸುವ ಸಾಧ್ಯತೆ ಇದೆ. ಆಗ ಯೋಜನೆಯ ಮಾರ್ಗಸೂಚಿಯನ್ನೇ ನೋಡುವಂತೆ ವಿನಂತಿಸಿ, ಏಕೆಂದರೆ ಮನೆಯನ್ನು ನಡೆಸುವ ಗೃಹಿಣಿಯನ್ನೂ ಕುಟುಂಬದ ಆಧಾರವೆಂದೇ ಪರಿಗಣಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡುಗೆ, ನೀರು, ಮಕ್ಕಳು, ದನಕರು ಎಂದು ದಿನವಿಡೀ ದುಡಿದ ಹೆಣ್ಣಿನ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಸರ್ಕಾರಿ ದಾಖಲೆಗಳು ಬಹಳ ಕಡಿಮೆ, ಇದು ಅವುಗಳಲ್ಲೊಂದು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯದೆ ಅಲ್ಲಿಂದ ಹೊರಡಬೇಡಿ.

ಪಡಿತರ ಚೀಟಿಯ ವಿಷಯದಲ್ಲಿ ನೀವು ಹೆದರಬೇಕಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ ಮನೆಯಲ್ಲಿರುವ, 18 ವರ್ಷ ತುಂಬಿದ ಹಿರಿಯ ಮಹಿಳೆಯೇ ಕಾರ್ಡಿನ ಯಜಮಾನಿ. ಅಂಥವರಿಲ್ಲದೆ ಹೆಣ್ಣುಮಗು ಮಾತ್ರ ಇದ್ದರೆ ಮನೆಯ ಹಿರಿಯ ಗಂಡಸು ಯಜಮಾನನಾಗುತ್ತಾನೆ, ಆ ಮಗುವಿಗೆ 18 ತುಂಬಿದಾಗ ಯಜಮಾನಿಕೆ ಅವಳಿಗೆ ಬರುತ್ತದೆ. ಆದ್ದರಿಂದ ನೀವು ಮತ್ತು ಮಕ್ಕಳು ಮಾತ್ರ ಇದ್ದರೂ ಕಾರ್ಡ್ ನಿಮ್ಮ ಹೆಸರಿನಲ್ಲಿ ಮುಂದುವರಿಯುತ್ತದೆ, ಅಕ್ಕಿ ನಿಲ್ಲುವಂತಿಲ್ಲ. ನಿಮ್ಮ ತಾಯಿ ಕಾಯಂ ಆಗಿ ನಿಮ್ಮಲ್ಲೇ ಉಳಿಯುವುದಾದರೆ ಅಣ್ಣನ ಕಾರ್ಡಿನಿಂದ ಅವರ ಹೆಸರನ್ನು ತೆಗೆಸಿ ನಿಮ್ಮ ಕಾರ್ಡಿಗೆ ಸೇರಿಸಿ. ಆಗ ಅವರು ಯಜಮಾನಿಯಾಗುತ್ತಾರೆ ಮತ್ತು ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೆ ಹೊಸದಾಗಿ ಅರ್ಜಿ ಹಾಕಬಹುದು. ಅಣ್ಣನ ಕಾರ್ಡಿನಲ್ಲಿ ಅವರೇ ಯಜಮಾನಿಯಾಗಿದ್ದು ಈಗಾಗಲೇ ಹಣ ಪಡೆಯುತ್ತಿದ್ದರೆ ಅದು ದುಪ್ಪಟ್ಟಾಗುವುದಿಲ್ಲ. ಹಣದ ಆಸೆಗೆ ಕಾಗದದ ಮೇಲೆ ಮಾತ್ರ ಹೆಸರು ಬದಲಿಸುವುದು ಬೇಡ, ಪರಿಶೀಲನೆಯಲ್ಲಿ ಎರಡೂ ಮನೆಗಳ ಕಾರ್ಡಿಗೆ ತೊಂದರೆಯಾಗುತ್ತದೆ. ಹೆಂಡತಿ ತೀರಿಕೊಂಡ ನಂತರದ ತಿಂಗಳುಗಳ ಹಣ ಅವರ ಖಾತೆಗೆ ಬಂದಿದ್ದರೆ ಎಟಿಎಂ ಕಾರ್ಡಿನಿಂದ ತೆಗೆಯದೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಮೊದಲು ತಿಳಿಸಿ.

ಇನ್ನು ನಿಮ್ಮದೇ ಹಕ್ಕು. ಗಾರೆ ಕೆಲಸದವರು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು ಎಂಬುದು ನಿಮಗೆ ಗೊತ್ತಿರಬಹುದು, ಆದರೆ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದರಿಂದ ಕಾರ್ಡ್ ಮಾಡಿಸಿಲ್ಲವೆಂದು ಊಹಿಸುತ್ತೇನೆ. ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ವಸೂಲು ಮಾಡುವ ಶೇ 1ರ ಸೆಸ್ ಈ ಮಂಡಳಿಯ ನಿಧಿ. ಅದು ನಿಮ್ಮ ಬೆವರಿನ ಲೆಕ್ಕದಲ್ಲೇ ಸೇರಿದ ಹಣ, ಯಾರ ಔದಾರ್ಯವೂ ಅಲ್ಲ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ ದೃಢೀಕರಣ ಪತ್ರವಿದ್ದರೆ ನೋಂದಣಿಯಾಗುತ್ತದೆ. ಮಕ್ಕಳ ಶೈಕ್ಷಣಿಕ ಸಹಾಯಧನ, ವೈದ್ಯಕೀಯ ನೆರವು, ಅಪಘಾತ ಪರಿಹಾರ ಎಲ್ಲವೂ ಈ ಒಂದು ಕಾರ್ಡನ್ನೇ ಅವಲಂಬಿಸಿವೆ. ಅವಧಿ ಮುಗಿಯುವುದರೊಳಗೆ ನವೀಕರಿಸದಿದ್ದರೆ ಮಗಳ ಸಹಾಯಧನದ ಅರ್ಜಿ ತಿರಸ್ಕೃತವಾಗುತ್ತದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಕಾಣಿ, ಮಧ್ಯವರ್ತಿಗೆ ಹಣ ಕೊಡಬೇಡಿ.

ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೀಡಲಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಹರ ಪಟ್ಟಿಯಲ್ಲಿ ವಿಧವೆ ತಾಯಿಯನ್ನು ಹೆಸರಿಸಿದ್ದಾರೆ, ಹೆಂಡತಿಯನ್ನು ಕಳೆದುಕೊಂಡ ತಂದೆಯನ್ನು ಹೆಸರಿಸಿಲ್ಲ. ಆದರೂ ಆರ್ಥಿಕವಾಗಿ, ದೈಹಿಕವಾಗಿ ಮಕ್ಕಳನ್ನು ನೋಡಿಕೊಳ್ಳಲಾಗದ ಪೋಷಕರು ಮತ್ತು ಮಾರಣಾಂತಿಕ ಕಾಯಿಲೆಗೆ ತುತ್ತಾದ ಪೋಷಕರು ಎಂಬ ವರ್ಗಗಳು ಅದೇ ಪಟ್ಟಿಯಲ್ಲಿವೆ. ನಿಮ್ಮ ಪರಿಸ್ಥಿತಿಯನ್ನು ವಿವರವಾಗಿ ಬರೆದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಮಂಜೂರಾತಿ ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು, ಖಚಿತವೆಂದು ನಾನು ಭರವಸೆ ಕೊಡಲಾರೆ. ಕೇಳದೆ ಬಿಡುವುದಂತೂ ಸರಿಯಲ್ಲ.

ಮಗನನ್ನು ಅಂಗನವಾಡಿಗೆ ಸೇರಿಸಿ. ಮಗಳ ಹೆಸರಿನಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದೆಯೇ ಎಂದು ಹೆಂಡತಿಯ ಪೆಟ್ಟಿಗೆಯಲ್ಲಿ ಹುಡುಕಿ, ಇದ್ದರೆ ಜೋಪಾನವಾಗಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹಣ ಹೆಣ್ಣುಮಕ್ಕಳ ಕೈಗೆ ಹೋದರೆ ಮಕ್ಕಳ ಹೊಟ್ಟೆ ಸೇರುತ್ತದೆ, ಗಂಡಸರ ಕೈಗೆ ಹೋದರೆ ಸಾರಾಯಿ ಅಂಗಡಿ ಸೇರುತ್ತದೆ. ಹೀಗಿರುವಾಗ ತಂದೆಯರಿಗೂ ನೆರವು ಬೇಕೆಂಬ ವಾದವನ್ನು ಒಪ್ಪುವುದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಹಣ ಮನೆಯ ಹೆಣ್ಣಿನ ಖಾತೆಗೇ ಹೋಗಬೇಕು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದನ್ನು ಬದಲಿಸಬೇಕೆಂದು ಯಾರಾದರೂ ಕೇಳಿದರೆ ವಿರೋಧಿಸುವವರಲ್ಲಿ ನಾನೂ ಇರುತ್ತೇನೆ. ನನ್ನ ಕಳಕಳಿ ಬೇರೆಯದು. ತಾಯಿ ತೀರಿಕೊಂಡ ಅಥವಾ ಬಿಟ್ಟುಹೋದ ಮನೆಯಲ್ಲಿ ಮಕ್ಕಳಿಗೆ ಬೆಳಿಗ್ಗೆ ತಲೆ ಬಾಚಿ, ಬುತ್ತಿ ಕಟ್ಟಿ, ಆಮೇಲೆ ಕೂಲಿಗೆ ಹೊರಡುವ ತಂದೆಯನ್ನು ನಮ್ಮ ನಿಯಮಗಳು ಕಾಣುವುದೇ ಇಲ್ಲ. ಅವನನ್ನು ಕಾಣದಿದ್ದರೆ ನಷ್ಟವಾಗುವುದು ಅವನಿಗಿಂತ ಹೆಚ್ಚಾಗಿ ಮಕ್ಕಳಿಗೆ.

ಒಂದು ಉದಾಹರಣೆ ಕೊಡುತ್ತೇನೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯು 50ಕ್ಕಿಂತ ಹೆಚ್ಚು ಹೆಣ್ಣು ಕಾರ್ಮಿಕರು ದುಡಿಯುವ ಜಾಗದಲ್ಲಿ, ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೋಣೆ ಇರಬೇಕೆಂದು ವಿಧಿಸಿತು. ಅಂದರೆ ಮಗುವನ್ನು ಕೆಲಸದ ಜಾಗಕ್ಕೆ ಕರೆತರುವ ತಂದೆಯನ್ನು ಆ ಲೆಕ್ಕಕ್ಕೆ ಹಿಡಿಯಲೇ ಇಲ್ಲ, ಅವನ ಮಗುವೂ ಆ ಕೋಣೆಯ ಹಕ್ಕುದಾರನಾಗಲಿಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೆಣ್ಣು–ಗಂಡೆನ್ನದೆ 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಶಿಶುಪಾಲನಾ ಕೇಂದ್ರದ ಮಾತನಾಡುತ್ತದೆ. ಕಾನೂನು ಸರಿಯಾದ ದಿಕ್ಕಿಗೆ ತಿರುಗಲು ಇಷ್ಟು ವರ್ಷ ಬೇಕಾಯಿತು.

ಸರ್ಕಾರ ತನ್ನ ನೌಕರರ ವಿಷಯದಲ್ಲಿ ಈ ಸತ್ಯವನ್ನು ಮೊದಲೇ ಒಪ್ಪಿದೆ. ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದಾಗ 15 ದಿನಗಳ ಪಿತೃತ್ವ ರಜೆ ಇದೆ. 2018ರ ಡಿಸೆಂಬರ್‌ನಿಂದ ಒಂಟಿಯಾಗಿ ಮಕ್ಕಳನ್ನು ಸಾಕುವ ಪುರುಷ ನೌಕರರಿಗೂ ಶಿಶುಪಾಲನಾ ರಜೆ ವಿಸ್ತರಣೆಯಾಗಿದೆ, ಕರ್ನಾಟಕವೂ ತನ್ನ ನೌಕರರಿಗೆ ಅದೇ ಮಾದರಿಯಲ್ಲಿ ಆರು ತಿಂಗಳ ರಜೆಗೆ ಅವಕಾಶ ಕೊಟ್ಟಿದೆ. ಸಂಬಳದ ನೌಕರನ ಮನೆಯಲ್ಲಿ ತಾಯಿಯಿಲ್ಲದ ಮಗುವಿಗೆ ತಂದೆಯ ಸಮಯ ಬೇಕು ಎಂದಾದರೆ ದಿನಗೂಲಿಯವನ ಮಗುವಿಗೆ ಅದು ಬೇಡವೇ? ಒಂದು ದಿನ ಮಗುವಿಗೆ ಜ್ವರ ಬಂದರೆ ಅವನ ಆ ದಿನದ ಕೂಲಿ ಹೋಯಿತು, ಎರಡು ದಿನ ತಪ್ಪಿಸಿದರೆ ಮೇಸ್ತ್ರಿ ಬೇರೆಯವರನ್ನು ಹಚ್ಚುತ್ತಾನೆ.

ಹರಿಯಾಣ ಸರ್ಕಾರ 2023ರಲ್ಲಿ 40 ವರ್ಷ ದಾಟಿದ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ವಿಧುರರಿಗೆ ತಿಂಗಳಿಗೆ 2,750 ರೂಪಾಯಿಯ ಪಿಂಚಣಿ ಘೋಷಿಸಿತು. ಅದನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುವುದಿಲ್ಲ, ಏಕೆಂದರೆ ಅಲ್ಲಿನ ಅಳತೆ ಗಂಡಸಿನ ವಯಸ್ಸು, ಮಕ್ಕಳ ವಯಸ್ಸಲ್ಲ. 30ರ ಹರೆಯದಲ್ಲಿ ಎರಡು ಕೂಸುಗಳೊಂದಿಗೆ ಉಳಿದವನಿಗೆ ಅದರಿಂದ ಏನೂ ಸಿಗುವುದಿಲ್ಲ. ನಮ್ಮಲ್ಲಿ ಪ್ರಾಯೋಜಕತ್ವದ ಪಟ್ಟಿಯಲ್ಲಿ 'ವಿಧವೆ ತಾಯಿ' ಎಂದಿರುವಲ್ಲಿ 'ಒಂಟಿ ಪೋಷಕರು' ಎಂದು ಸೇರಿಸಿ, ಹಣವನ್ನು ಮಗುವಿನ ಹೆಸರಿನ ಖಾತೆಗೇ ಹಾಕಿ, ಶಾಲೆಯ ಹಾಜರಾತಿಯನ್ನು ನೋಡಿ ಮುಂದುವರಿಸಿದರೆ ಸಾರಾಯಿ ಅಂಗಡಿಯ ಕುರಿತ ನಿಮ್ಮ ನ್ಯಾಯವಾದ ಭಯಕ್ಕೂ ಉತ್ತರ ಸಿಗುತ್ತದೆ.

ಪ್ರಶ್ನೆ: ನಾವು ಯಾದಗಿರಿ ಕಡೆಯವರು, ಬೆಂಗಳೂರಿನಲ್ಲಿ ಶೆಡ್ಡಿನಲ್ಲಿದ್ದು ಕಟ್ಟಡದ ಕೆಲಸ ಮಾಡುತ್ತೇವೆ. ಹೆಂಡತಿ ಬಿಟ್ಟುಹೋಗಿದ್ದಾಳೆ. ಮಗನ ವರ್ಗಾವಣೆ ಪತ್ರ ಊರಿನ ಶಾಲೆಯಲ್ಲಿದೆ, ಇಲ್ಲಿ ಸೇರಿಸಿಕೊಳ್ಳಲು ಅದನ್ನೂ ತಾಯಿಯ ಸಹಿಯನ್ನೂ ಕೇಳುತ್ತಿದ್ದಾರೆ. ಕಾರ್ಡ್ ಊರಿನದು, ಇಲ್ಲಿ ಅಕ್ಕಿ ಸಿಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ, 14ನೇ ಕಲಮಿನ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ತಾಯಿಯ ಸಹಿಗೆ ಕಾಯುವ ಅಗತ್ಯವಿಲ್ಲ. ನೀವು ತಂದೆ, ಮಗುವಿನ ಸಹಜ ಪೋಷಕರು, ನಿಮ್ಮ ಸಹಿ ಸಾಕು. ಮುಖ್ಯ ಶಿಕ್ಷಕರು ಒಪ್ಪದಿದ್ದರೆ ಮಗುವನ್ನು ಕರೆದುಕೊಂಡೇ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿ ಲಿಖಿತ ಮನವಿ ಕೊಡಿ. ಕೆಲಸಕ್ಕೆ ಒಂದು ದಿನ ರಜೆ ಹಾಕುವುದು ನಿಮಗೆ ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಈ ಒಂದು ದಿನವನ್ನು ಉಳಿಸಲು ಹೋಗಿ ಮಗನ ಒಂದು ವರ್ಷ ಕಳೆಯಬೇಡಿ.

ಊರಿನ ಪಡಿತರ ಚೀಟಿಯಿಂದ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಅಕ್ಕಿ ಪಡೆಯಬಹುದು, ಕಾರ್ಡಿನಲ್ಲಿ ಹೆಸರಿರುವ ನೀವು ಹೆಬ್ಬೆಟ್ಟಿನ ಗುರುತು ಕೊಟ್ಟರಾಯಿತು. ಊರಿನಲ್ಲಿರುವ ಮನೆಯವರು ಅದೇ ಕಾರ್ಡಿನಿಂದ ಅದೇ ತಿಂಗಳು ಪೂರ್ತಿ ಪಡಿತರ ತೆಗೆದುಕೊಂಡಿದ್ದರೆ ಮಾತ್ರ ಇಲ್ಲಿ ಸಿಗುವುದಿಲ್ಲ, ಆದ್ದರಿಂದ ಮೊದಲೇ ಫೋನ್ ಮಾಡಿ ಮಾತನಾಡಿಕೊಳ್ಳಿ. ಮಂಡಳಿಯ ನೋಂದಣಿ ಅಥವಾ ಕೂಲಿ ಬಾಕಿಯ ತೊಂದರೆ ಇದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಕರೆ ಮಾಡಿ. ನೀವು ಕೆಲಸಕ್ಕೆ ಹೋದಾಗ ಮಗ ಶೆಡ್ಡಿನಲ್ಲಿ ಒಬ್ಬನೇ ಉಳಿಯುವಂತಾಗಿ ಅವನ ಸುರಕ್ಷತೆಯ ಚಿಂತೆಯಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಂದೆಯಾಗಿ ನೀವೇ ಕರೆ ಮಾಡಿ ನೆರವು ಕೇಳಬಹುದು.