ಶೇಂಗಾ ಹಿಂಡಿ ಡಾಗ್ ಫುಡ್‌ಗೆ ಎಷ್ಟು ಪರ್ಸೆಂಟ್ ಹಾಕಬಹುದು?

ನಿಮ್ಮ ಮಾವನ ಎಣ್ಣೆ ಮಿಲ್ಲು, ಅಲ್ಲಿ ರಾಶಿ ಬಿದ್ದಿರೋ ಶೇಂಗಾ ಹಿಂಡಿ, ಅಂಗಡೀಲಿ ಡಾಗ್ ಫುಡ್ ರೇಟ್ ನೋಡಿ ನಾವೇ ಮಾಡಿ ಮಾರೋಣ ಅಂತ ತಲೆಗೆ ಬಂದ ಐಡಿಯಾ. ನಿಮ್ಮ ಪ್ರಶ್ನೆ ಓದ್ತಾ ಇದ್ರೆ ಏಳೆಂಟು ವರ್ಷದ ಹಿಂದಿನ ನನ್ನನ್ನೇ ನೋಡಿದಂಗಾಯ್ತು. ನಮ್ದು ಚಿಕ್ಕಪ್ಪನ ಮಿಲ್ಲು, ಚಳ್ಳಕೆರೆ ಕಡೆ, ಅಷ್ಟೇ ವ್ಯತ್ಯಾಸ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಟ್ರೂಡರ್ (ಹಿಟ್ಟನ್ನ ಬಿಸಿ, ಒತ್ತಡದಲ್ಲಿ ಬೇಯಿಸಿ ಕಾಳಿನ ಥರ ಹೊರಗೆ ತಳ್ಳೋ ಮಿಶಿನ್ನು) ಒಂದು ತಂದು ಶೆಡ್ಡಲ್ಲಿ ಕೂರಿಸಿದೆ. ಮೆಕ್ಕೆಜೋಳ, ಅಕ್ಕಿ ನುಚ್ಚು, ಚಿಕನ್ ಮೀಲ್ (ಕೋಳಿ ಮಾಂಸ ಬೇಯಿಸಿ ಒಣಗಿಸಿದ ಪುಡಿ), ಅದರ ಜೊತೆ ನೂರಕ್ಕೆ ಹದಿನೈದು ಶೇಂಗಾ ಹಿಂಡಿ. ಪೇಪರ್ ಮೇಲೆ ಲೆಕ್ಕ ಭಾರಿ ಚೆನ್ನಾಗಿತ್ತು, ಹಿಂಡೀಲಿ 40-45 ಪರ್ಸೆಂಟ್ ಪ್ರೋಟೀನ್ ಇರುತ್ತಲ್ಲ, ಚಿಕನ್ ಮೀಲ್ ಕಮ್ಮಿ ಮಾಡಿದ್ರೂ ಚೀಲದ ಮೇಲೆ 22 ಪರ್ಸೆಂಟ್ ಅಂತ ಹಾಕ್ಕೋಬಹುದಿತ್ತು. ಹಿಂಡೀಲಿ ಲೈಸಿನ್, ಮೆಥಿಯೋನಿನ್ (ಪ್ರೋಟೀನ್ ಕಟ್ಟೋ ಅಮೈನೋ ಆಮ್ಲಗಳು) ಸಾಲಲ್ಲ ಅಂತ ಕೋಳಿ ಫೀಡ್ ಮಾಡೋ ಫ್ರೆಂಡ್ ಹೇಳಿದ್ದ, ಅದನ್ನ ಬೇರೆ ತಂದು ಬೆರೆಸಿದೆ, ಅದೇನು ದೊಡ್ಡ ವಿಷಯ ಅಲ್ಲ. ನಾಯಿಗಳಂತೂ ಆ ವಾಸನೆಗೇ ಮೇಲೆ ಬಿದ್ದು ತಿಂತಿದ್ವು. ಆರು ತಿಂಗಳು ಚೆನ್ನಾಗೇ ನಡೀತು.

ಅಫ್ಲಟಾಕ್ಸಿನ್ (ಶೇಂಗಾಗೆ ಹಿಡಿಯೋ ಬೂಷ್ಟು ಬಿಡೋ ವಿಷ) ಗೊತ್ತಿರಲಿಲ್ವಾ, ಟೆಸ್ಟ್ ಮಾಡಿಸಿರಲಿಲ್ವಾ ಅಂತೀರಾ? ಮಾಡಿಸಿದ್ದೆ ಸ್ವಾಮಿ. ನಾನು ಮುಳುಗಿದ್ದೇ ಅಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೂ ಓದಿ.

ಹಿಂಗಾರು ಮಳೆ ಹಿಡ್ಕೊಂಡಿದ್ದ ಟೈಮಲ್ಲಿ ಒಂದು ಲೋಡ್ ಬಂತು. ಚಿಕ್ಕಪ್ಪನ ಮಿಲ್ಲಲ್ಲಿ ಸ್ಟಾಕ್ ಇರಲಿಲ್ಲ, ಇನ್ನೊಂದು ಮಿಲ್ಲಿಂದ ತರಿಸಿದ್ದೆ, ರೇಟೂ ಸ್ವಲ್ಪ ಕಮ್ಮಿ. ಮೇಲ್ಗಡೆ ಇದ್ದ ಚೀಲದ ಬಾಯಿ ಬಿಚ್ಚಿ ಎರಡು ಹಿಡಿ ಕವರಿಗೆ ಹಾಕಿ ಲ್ಯಾಬಿಗೆ ಕಳಿಸಿದೆ. 8 ಪಿಪಿಬಿ (ನೂರು ಕೋಟಿ ಭಾಗಕ್ಕೆ 8 ಭಾಗ) ಅಂತ ಬಂತು. ಅಮೆರಿಕದಲ್ಲಿ ನಾಯಿ ಫುಡ್‌ಗೆ 20 ಪಿಪಿಬಿ ಲಿಮಿಟ್, ನಮ್ದು ಅರ್ಧಕ್ಕಿಂತ ಕಮ್ಮಿ, ಇನ್ನೇನು ಬೇಕು ಅಂತ ನೂರಿಪ್ಪತ್ತು ಚೀಲಾನೂ ಮಿಶಿನ್ನಿಗೆ ಸುರಿಯೋಕೆ ಶುರು ಮಾಡಿದೆ.

ಈಗ ಇಲ್ಲಿ ನೋಡಿ. 20 ಪಿಪಿಬಿ ಅಂದ್ರೆ ಒಂದು ಟನ್ನಿಗೆ 20 ಮಿಲಿಗ್ರಾಂ, ಚಿಟಿಕೇನೂ ಅಲ್ಲ. ಮತ್ತೆ ಈ ವಿಷ ಸಾರಿಗೆ ಹಾಕಿದ ಉಪ್ಪಿನ ಥರ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಅನ್ನದಲ್ಲಿರೋ ಕಲ್ಲಿನ ಥರ ಇರುತ್ತೆ. ಹತ್ತು ತುತ್ತು ಸರಿ ಇದ್ದು ಹನ್ನೊಂದನೇದು ಕಟ್ ಅನ್ನುತ್ತೆ. ಬೂಷ್ಟು ಹಿಡಿದ ಒಂದೆರಡು ಬೀಜದಲ್ಲೇ ಅಷ್ಟೂ ಇರುತ್ತೆ, ಪಕ್ಕದ ಬೀಜ ಕ್ಲೀನು. ಗೋಡೆಗೆ ತಾಗಿ ನೀರು ಕುಡಿದ ಕೆಳಗಿನ ಸಾಲಿನ ಚೀಲ ಒಂದು ಲೆಕ್ಕ, ಮೇಲಿನ ಚೀಲ ಒಂದು ಲೆಕ್ಕ. ನಾನು ಟೆಸ್ಟ್ ಮಾಡಿಸಿದ್ದು ಲೋಡನ್ನಲ್ಲ, ಒಂದು ಚೀಲದ ಎರಡು ಹಿಡಿ. ಲ್ಯಾಬ್‌ನವರದ್ದು ಒಂದು ಚೂರೂ ತಪ್ಪಿಲ್ಲ, ನಾನು ಕಳಿಸಿದ್ದಕ್ಕೆ ಅವರು ಸರಿಯಾಗೇ ಉತ್ತರ ಕೊಟ್ಟಿದ್ರು.

ಮೂರು ವಾರ ಆದ್ಮೇಲೆ ಮೂರು ನಾಯಿ ಸಾಕಿದ್ದ ಗಿರಾಕಿ ಫೋನ್ ಮಾಡಿದ್ರು. ಊಟ ಬಿಟ್ಟಿವೆ, ವಾಂತಿ, ಕಣ್ಣು ಹಳದಿ. ಡಾಕ್ಟ್ರು ಕೇಳಿದ ಮೊದಲನೇ ಪ್ರಶ್ನೇನೇ ಏನು ಹಾಕ್ತೀರ ಅಂತ. ಲಿವರ್ ಹೋಗಿತ್ತು, ಎರಡು ಸತ್ವು. ನಮ್ಮನೆ ನಾಯಿ ಕರಿಯನೂ ಅದೇ ಬ್ಯಾಚ್ ತಿಂತಿದ್ದ, ಹೆಂಗೋ ಉಳಿದ. ಆಮೇಲೆ ಉಳಿದಿದ್ದ ನಲವತ್ತು ಚೀಲಕ್ಕೂ ಕೊಳವೆ ಚುಚ್ಚಿ, ಮೇಲೆ ಮಧ್ಯ ಕೆಳಗೆ ತೆಗೆದು, ಎಲ್ಲಾ ಒಟ್ಟಿಗೆ ನುಣ್ಣಗೆ ಬೀಸಿಸಿ ಕಳಿಸಿದೆ. 140 ಪಿಪಿಬಿ ಬಂತು.

ನೀವು ಎಕ್ಸ್‌ಟ್ರೂಡರ್ ಬಿಸಿಗೆ ಎಲ್ಲಾ ಸತ್ತೋಗುತ್ತೆ ಅಂತ ಬರ್ದಿದೀರ. ಸಾಯೋದು ಬೂಷ್ಟು, ಅದು ಬಿಟ್ಟುಹೋದ ವಿಷ ಅಲ್ಲ. ನಮ್ಮ ಮಿಶಿನ್ನು ಮುಟ್ಟೋದು 120-150 ಡಿಗ್ರಿ, ಈ ವಿಷ ಒಡೆಯೋಕೆ ಇನ್ನೂರು ದಾಟಿ ಎಷ್ಟೋ ಮೇಲೆ ಹೋಗ್ಬೇಕು. "ನಮ್ಮ ಹಸುಗಳು ವರ್ಷಪೂರ್ತಿ ಇದನ್ನೇ ತಿಂತಾವೆ" ಅಂತ ನೀವು ಬರ್ದಿರೋ ಮಾತೂ ಆಗ ನಾನು ಹೇಳಿದ್ದೇ. ಹಸು ಹೊಟ್ಟೆ ಬೇರೆ, ಅದಕ್ಕೆ ಸ್ವಲ್ಪ ತಡ್ಕೊಳೋ ಶಕ್ತಿ ಇದೆ, ಸ್ವಲ್ಪ ಹಾಲಿಗೂ ಇಳಿಯುತ್ತೆ (ಆ ಹಾಲು ಕುಡಿಯೋರು ನಾವೇ, ಇರಲಿ ಬಿಡಿ). ನಾಯಿ ಲಿವರ್ ಇದಕ್ಕೆ ಬೇಗ ಸೋಲುತ್ತೆ, ಮೇಲಾಗಿ ಅದು ದಿನಾ ಎರಡು ಹೊತ್ತು ಒಂದೇ ಚೀಲದ್ದು ತಿನ್ನುತ್ತೆ, ಬೇರೆ ಆಯ್ಕೆ ಇಲ್ಲ ಅದಕ್ಕೆ. 1960ರಲ್ಲಿ ಇಂಗ್ಲೆಂಡಲ್ಲಿ ಲಕ್ಷದ ಮೇಲೆ ಟರ್ಕಿ ಕೋಳಿ ಸತ್ತಿದ್ದೂ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಿಂದಾನೇ, ಈ ವಿಷಕ್ಕೆ ಹೆಸರಿಟ್ಟಿದ್ದೇ ಅದಾದ್ಮೇಲೆ.

ಅದಕ್ಕೇ ನನ್ನ ಪ್ರಕಾರ ಎಷ್ಟು ಪರ್ಸೆಂಟ್ ಅನ್ನೋ ಪ್ರಶ್ನೇನೇ ಸರಿ ಇಲ್ಲ. ಹದಿನೈದರ ಬದಲು ಐದು ಹಾಕಿದ್ರೂ ಕೆಟ್ಟ ಲೋಡ್ ಕೆಟ್ಟದ್ದೇ. ದಪ್ಪ ಒಳ್ಳೆ ಬೀಜ ತಿನ್ನೋಕೆ, ಎಕ್ಸ್‌ಪೋರ್ಟಿಗೆ ಹೋಗುತ್ತೆ, ಗ್ರೇಡಿಂಗಲ್ಲಿ ಬಿದ್ದ ಮುದುರಿದ್ದು ಒಡೆದಿದ್ದು ಬಣ್ಣಗೆಟ್ಟಿದ್ದು ಗಾಣಕ್ಕೆ ಬರುತ್ತೆ, ಅದನ್ನ ಹಿಂಡಿದಾಗ ವಿಷ ಎಣ್ಣೆ ಜೊತೆ ಹೋಗೋದು ಸ್ವಲ್ಪ, ಮುಕ್ಕಾಲು ಪಾಲಿಗಿಂತ ಜಾಸ್ತಿ ಹಿಂಡೀಲೇ ಉಳಿಯುತ್ತೆ. ನಿಮಗೆ ಸಿಗ್ತಿರೋ ಸಸ್ತಾ ಮಾಲು ಅದು. ಪ್ರತಿ ಲೋಡನ್ನೂ ಸರಿಯಾಗಿ ಸ್ಯಾಂಪಲ್ ತೆಗೆದು, ರಿಪೋರ್ಟ್ ಬರೋವರೆಗೂ ಮುಟ್ಟದೆ ಇಟ್ಟು, ಕೆಟ್ಟಿದ್ದನ್ನ ವಾಪಸ್ ಕಳಿಸಿ ಲೆಕ್ಕ ಹಾಕಿ ನೋಡಿ, ಚಿಕನ್ ಮೀಲಿಗೂ ಅದಕ್ಕೂ ಎಷ್ಟು ಉಳಿಯುತ್ತೆ ಅಂತ. ನಂಗೆ ಹೆಚ್ಚೇನೂ ಉಳೀಲಿಲ್ಲ, ಬಿಟ್ಟೆ. ಟಾಕ್ಸಿನ್ ಬೈಂಡರ್ (ವಿಷಾನ ಹಿಡಿದಿಟ್ಕೊಳುತ್ತೆ ಅಂತ ಫೀಡಿಗೆ ಬೆರೆಸೋ ಪುಡಿ) ಹಾಕಿದ್ರೆ ಸಾಕು ಅಂತ ಮಾರೋರು ಬರ್ತಾರೆ, ಅದನ್ನ ನಂಬ್ಕೊಂಡು ಕೆಟ್ಟ ಹಿಂಡಿ ಕೊಳ್ಳಬೇಡಿ.

ಶೇಂಗಾ, ಗೋಡಂಬಿ ಸಿಪ್ಪೆ ಬಗ್ಗೆನೂ ಕೇಳಿದೀರ. ಶೇಂಗಾ ಸಿಪ್ಪೆ ಬರೀ ನಾರು, ದಪ್ಪ ನಾಯಿಗಳ ಡಯೆಟ್ ಫುಡ್‌ಗೆ ಹೊರದೇಶದಲ್ಲಿ ಹಾಕ್ತಾರೆ, ಆದ್ರೆ ಮಣ್ಣಲ್ಲಿ ಬಿದ್ದಿರೋದೇ ಅದು, ಬೂಷ್ಟು ತಾಗಿರಬಹುದು, ಹಂಗಾಗಿ ಟೆಸ್ಟ್ ಇಲ್ದೆ ಅದೂ ಬೇಡ. ಗೋಡಂಬಿ ಬೀಜದ ಮೇಲಿನ ಕೆಂಪು ಪೊರೆ ಬರೀ ಒಗರು, ನಾನು ಹಾಕಲ್ಲ. ಗೋಡಂಬಿ ಚಿಪ್ಪಂತೂ ಹತ್ರಾನೂ ಸೇರಿಸ್ಬೇಡಿ, ಅದರ ಎಣ್ಣೆ ಕೈ ಚರ್ಮಾನೇ ಸುಡುತ್ತೆ, ಇನ್ನು ಹೊಟ್ಟೆ ಕತೆ ಏನು.

ಇಷ್ಟಾದ್ಮೇಲೂ ಮಾಡೇ ಮಾಡ್ತೀನಿ ಅಂದ್ರೆ ಒಂದು ಹೇಳಿ, ನಿಮ್ಮ ಮಾವನೋರು ಮಳೆಗಾಲದಲ್ಲಿ ಹಿಂಡಿ ಚೀಲ ಎಲ್ಲಿ ಪೇರಿಸ್ತಾರೆ, ನೆಲದ ಮೇಲಾ ಹಲಗೆ ಮೇಲಾ?