ನಾಲ್ಕನೇ ಪುಟದ ಕಾಲಿನಿಂದ ಶುರು ಮಾಡಿ

ನಮಸ್ಕಾರ,

ನಿಮ್ಮ ‘ಪ್ರೋಟೀನ್ ತಿನ್ನಿ, ಸ್ನಾಯು ಬೆಳೆಸಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ.

ಅಲ್ಲಿ ನಿಮ್ಮ ಕಾಲಿನ ಕಥೆ ಇದೆ. ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿದ್ದರು. ಬಿಚ್ಚಿದ ದಿನ ಪ್ಯಾಂಟು ಹಾಕಿಕೊಂಡರೆ ಎಡಗಾಲಿನಲ್ಲಿ ಬಟ್ಟೆ ಜೋತಾಡುತ್ತಿತ್ತು, ಬಲಗಾಲಿನಲ್ಲಿ ಎಂದಿನಂತೆ ಬಿಗಿಯಾಗಿತ್ತು ಅಂತ ಬರೆದಿದ್ದೀರಿ. ಇಡೀ ಲೇಖನದಲ್ಲಿ ಕಣ್ಣಿಗೆ ಕಟ್ಟುವುದು ಇದೊಂದೇ. ಅದನ್ನು ಮೂರು ಸಾಲಿನಲ್ಲಿ ಮುಗಿಸಿ ಮತ್ತೆ ಪ್ರೋಟೀನ್ ಪಟ್ಟಿಗೆ ಓಡಿಬಿಟ್ಟಿದ್ದೀರಿ. ಆ ಮೂರು ಸಾಲು ನಿಮ್ಮ ಶೀರ್ಷಿಕೆಯನ್ನೇ ಸುಳ್ಳು ಮಾಡುತ್ತವೆ, ಗಮನಿಸಿದಿರಾ? ಎರಡೂ ಕಾಲಿಗೆ ಹೋಗಿದ್ದು ಅದೇ ಊಟ, ಅದೇ ರಕ್ತ. ಒಂದು ಸೊರಗಿತು, ಇನ್ನೊಂದು ಸೊರಗಲಿಲ್ಲ. ತಿಂದರೆ ಸಾಕು ಅನ್ನುವುದಾಗಿದ್ದರೆ ಹೀಗಾಗುತ್ತಿತ್ತಾ?

ತಪ್ಪಿನ ಬೇರು ಎರಡನೇ ಪ್ಯಾರಾದಲ್ಲಿದೆ: ‘ಸ್ನಾಯು ಒಂದು ಗೋಡೆ, ಪ್ರೋಟೀನ್ ಅದರ ಇಟ್ಟಿಗೆ.’ ಈ ಹೋಲಿಕೆ ಬಳಸಿ ಬಳಸಿ ಸವೆದಿದೆ, ಅದು ಬೇರೆ ಮಾತು. ಗೋಡೆ ಒಮ್ಮೆ ಕಟ್ಟಿದರೆ ನಿಂತೇ ಇರುತ್ತದೆ. ಸ್ನಾಯು ಹಾಗಲ್ಲ. ಅದರ ಪ್ರೋಟೀನಿನಲ್ಲಿ ದಿನಕ್ಕೆ ಸುಮಾರು ಶೇ. 1ರಿಂದ 1.5ರಷ್ಟು ಒಡೆಯುತ್ತದೆ, ಹೆಚ್ಚುಕಮ್ಮಿ ಅಷ್ಟೇ ಹೊಸದಾಗಿ ತಯಾರಾಗುತ್ತದೆ. ನೀವು ನಿದ್ದೆಯಲ್ಲಿದ್ದಾಗಲೂ ಈ ಕೆಲಸ ನಿಲ್ಲುವುದಿಲ್ಲ. ಊಟವಾದ ಮೇಲೆ ತಯಾರಿಕೆ ಮುಂದೆ, ಹೊಟ್ಟೆ ಖಾಲಿಯಾದಾಗ ಒಡೆಯುವುದು ಮುಂದೆ. ಪ್ಲಾಸ್ಟರಿನೊಳಗಿದ್ದ ನಿಮ್ಮ ಕಾಲಿನಲ್ಲಿ ಮುಖ್ಯವಾಗಿ ಆಗಿದ್ದು ಏನೆಂದರೆ, ತಯಾರಿಕೆ ಕುಗ್ಗಿತು. ಊಟ ಮಾಡಿದಾಗಲೂ ಆ ಸ್ನಾಯು ಮೊದಲಿನಷ್ಟು ಚುರುಕಾಗಲಿಲ್ಲ.

ವ್ಯಾಯಾಮ ಇದಕ್ಕೆ ಉಲ್ಟಾ. ಒಮ್ಮೆ ಚೆನ್ನಾಗಿ ಭಾರ ಎತ್ತಿದರೆ ಕೆಲಸ ಮಾಡಿದ ಸ್ನಾಯುವಿನಲ್ಲಿ ತಯಾರಿಕೆ ಏರುತ್ತದೆ, ಒಂದು ದಿನ ಕಳೆದರೂ ಪೂರ್ತಿ ಇಳಿದಿರುವುದಿಲ್ಲ. ಆದರೆ ಹೊಟ್ಟೆ ಖಾಲಿ ಇದ್ದರೆ ಒಡೆಯುವುದೂ ಜೊತೆಗೇ ಏರುತ್ತದೆ, ಲೆಕ್ಕ ನಷ್ಟದಲ್ಲೇ ಇರುತ್ತದೆ. ಪ್ರೋಟೀನ್ ಇರುವ ಊಟ ಸೇರಿದಾಗಲೇ ಲಾಭಕ್ಕೆ ತಿರುಗುವುದು. ಪ್ರೋಟೀನ್ ಆಗಿರುವುದು ಅಮೈನೋ ಆಮ್ಲ ಎಂಬ ಸಣ್ಣ ಸಣ್ಣ ತುಣುಕುಗಳಿಂದ; ಅವುಗಳಲ್ಲಿ ಲ್ಯೂಸಿನ್ ಎಂಬುದು ಬರೀ ಸಾಮಾನಲ್ಲ, ‘ಕೆಲಸ ಶುರು ಮಾಡು’ ಅನ್ನುವ ಕರೆಯೂ ಹೌದು. ಇಟ್ಟಿಗೆ ಎಲ್ಲಾದರೂ ಮೇಸ್ತ್ರಿಯನ್ನು ಕೂಗಿ ಎಬ್ಬಿಸುತ್ತದೆಯೇ? ಅದಕ್ಕೇ ಆ ಹೋಲಿಕೆ ಬೇಡ ಅಂದಿದ್ದು.

ಹಾಗೆಯೇ ‘ಅರ್ಧ ಗಂಟೆಯೊಳಗೆ ಪ್ರೋಟೀನ್ ಕುಡಿಯದಿದ್ದರೆ ವ್ಯಾಯಾಮ ದಂಡ’ ಎಂಬ ಸಾಲು ತೆಗೆಯಿರಿ. ಒಂದು ದಿನ ತೆರೆದಿರುವ ಬಾಗಿಲಿಗೆ ಅರ್ಧ ಗಂಟೆಯ ಅವಸರ ಯಾಕೆ? ‘ಜಾಸ್ತಿ ತಿಂದಷ್ಟೂ ಜಾಸ್ತಿ ಬೆಳವಣಿಗೆ’ ಎನ್ನುವುದೂ ನಿಲ್ಲುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2018ರಲ್ಲಿ ನೋಡಿದಾಗ, ಭಾರ ಎತ್ತುವವರಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸರಾಸರಿ ಲೆಕ್ಕದಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಇನ್ನೊಂದು ದೊಡ್ಡ ಕೊರತೆ. ಓಟ, ಸೈಕಲ್, ಭಾರ ಎತ್ತುವುದು ಎಲ್ಲವನ್ನೂ ‘ವ್ಯಾಯಾಮ’ ಅಂತ ಒಂದೇ ಗಂಟಿಗೆ ಕಟ್ಟಿದ್ದೀರಿ. ಸ್ನಾಯುವಿನ ಪ್ರೋಟೀನೂ ಒಂದೇ ಅಲ್ವಲ್ಲ? ಎಳೆದು ಬಿಗಿಯುವ ಆಕ್ಟಿನ್, ಮಯೋಸಿನ್ ಒಂದು ಬಗೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದ ಪ್ರೋಟೀನುಗಳು ಇನ್ನೊಂದು ಬಗೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಿಮಗೆ ಹೇಳಿ ಮಾಡಿಸಿದಂತಿದೆ. ಒಬ್ಬನೇ ವ್ಯಕ್ತಿ, ಒಂದು ಕಾಲಿಗೆ ಭಾರದ ವ್ಯಾಯಾಮ, ಇನ್ನೊಂದಕ್ಕೆ ಸೈಕಲ್ ತುಳಿಯುವ ಥರದ್ದು. ಹತ್ತು ವಾರ. ಕೊನೆಗೆ ನೋಡಿದರೆ ಭಾರದ ಕಾಲು ಬಿಗಿಯುವ ಪ್ರೋಟೀನಿನ ತಯಾರಿಕೆ ಏರಿಸಿತ್ತು, ತುಳಿದ ಕಾಲು ಮೈಟೋಕಾಂಡ್ರಿಯದ್ದನ್ನು. ಮತ್ತೆ ಅದೇ ಊಟ, ಅದೇ ರಕ್ತ!

ಒಂದೇ ಕಾಲಿನ ಈ ಉಪಾಯ ಹಳೆಯದು. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು ಒಂದೇ ಸೈಕಲ್ಲಿನ ಆಚೆಈಚೆ ಕೂತು ತಲಾ ಒಂದೊಂದು ಕಾಲಲ್ಲಿ ತುಳಿದರು. ಆಮೇಲೆ ತಮ್ಮದೇ ತೊಡೆಗೆ ಸೂಜಿ ಚುಚ್ಚಿಸಿಕೊಂಡು ಸ್ನಾಯುವಿನ ಚೂರು ತೆಗೆಸಿ ನೋಡಿದರು. ಅವರು ಅಳೆದಿದ್ದು ಸ್ನಾಯುವಿನ ಸಕ್ಕರೆ ದಾಸ್ತಾನು, ಪ್ರೋಟೀನ್ ಅಲ್ಲ. ಅದನ್ನು ಸ್ಪಷ್ಟವಾಗಿ ಹೇಳಿ. ಆದರೆ ಈ ಚಿತ್ರ ನಿಮ್ಮ ಪ್ಲಾಸ್ಟರ್ ಕಾಲಿನ ಪಕ್ಕದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಸಂಶ್ಲೇಷಣಾ ಪ್ರಕ್ರಿಯೆಯು ಉತ್ತೇಜಿಸಲ್ಪಡುತ್ತದೆ’ ಅಂತ ಐದು ಕಡೆ ಬರೆದಿದ್ದೀರಿ. ಪ್ಯಾಂಟು ಜೋತಾಡುತ್ತಿತ್ತು ಅಂತ ಬರೆದವರೂ ನೀವೇನಾ ಅಂತ ಅನುಮಾನ ಬಂತು. ‘ತಯಾರಿಕೆ ಏರುತ್ತದೆ’ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ.

ಶೀರ್ಷಿಕೆ ಬದಲಿಸಿ. ಮೊದಲ ಮೂರು ಪುಟ ಪೂರ್ತಿ ತೆಗೆಯಿರಿ. ಮತ್ತೆ, ಎಡಗಾಲು ಬಲಗಾಲಿನ ಸಮ ಬರಲು ಎಷ್ಟು ತಿಂಗಳು ಹಿಡಿಯಿತು, ಆಗ ಏನೇನು ಮಾಡಿದಿರಿ ಅಂತ ನೀವು ಬರೆದೇ ಇಲ್ಲ. ಅದನ್ನು ಸೇರಿಸಿ ಕಳಿಸಿ. ಕಾಯುತ್ತೇನೆ.

ಇಂತಿ,
ಸಂಪಾದಕ