ಕಾನೂನು ಪ್ರಶ್ನೋತ್ತರ: ಕ್ರಯದ ಕರಾರು ಮತ್ತು ಒಂದು ಸಾಲಿನ ಬೆಲೆ

ಪ್ರಶ್ನೆ: ನಮ್ಮೂರಿನ ಎರಡು ಎಕರೆ ಜಮೀನನ್ನು 40 ಲಕ್ಷ ರೂಪಾಯಿಗೆ ಕೊಳ್ಳಲು 2023ರ ಮಾರ್ಚ್ 10ರಂದು ಕರಾರು ಮಾಡಿಕೊಂಡು 12 ಲಕ್ಷ ಮುಂಗಡ ಕೊಟ್ಟಿದ್ದೇನೆ. ಆರು ತಿಂಗಳೊಳಗೆ ಮಾಲೀಕರು ಪೋಡಿ (ಜಮೀನಿನ ಭಾಗವನ್ನು ಅಳತೆ ಮಾಡಿ ಬೇರ್ಪಡಿಸುವುದು) ಮಾಡಿಸಿ ಕ್ರಯಪತ್ರ ಬರೆದುಕೊಡಬೇಕಿತ್ತು. ಪಕ್ಕದಲ್ಲೇ ರಸ್ತೆ ಬಂದು ಬೆಲೆ ಇಮ್ಮಡಿಯಾದ ಮೇಲೆ, ಮುಂಗಡ ವಾಪಸು ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ಕರಾರು 200 ರೂಪಾಯಿಯ ಛಾಪಾ ಕಾಗದದಲ್ಲಿದೆ, ನೋಂದಣಿಯಾಗಿಲ್ಲ. ‘ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಟ್ಟಿರುತ್ತೇನೆ’ ಎಂದು ಅದರಲ್ಲಿ ಬರೆದಿದ್ದರೂ ಉಳುಮೆ ಈಗಲೂ ಅವರದೇ. ನನಗೆ ಜಮೀನು ಸಿಗುವುದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಕರಾರು ಮಾಡಿಕೊಂಡ ಮಾತ್ರಕ್ಕೆ ಜಮೀನಿನಲ್ಲಿ ನಿಮಗೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಹೇಳುತ್ತದೆ. ನಿಮಗಿರುವುದು, ಕ್ರಯಪತ್ರ ಬರೆದುಕೊಡುವಂತೆ ನ್ಯಾಯಾಲಯದ ಮೂಲಕ ಒತ್ತಾಯಿಸುವ ಹಕ್ಕು. ನೋಂದಣಿಯಾಗದ ಕರಾರನ್ನೂ ಅಂತಹ ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ನೋಂದಣಿ ಕಾಯ್ದೆಯ 49ನೇ ಕಲಮಿನ ಪರಂತುಕ ಅವಕಾಶ ಕೊಡುತ್ತದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ ತಿದ್ದುಪಡಿ 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ ಕರಾರಿನ ಪಾಲನೆಗೆ ಆದೇಶಿಸುವುದು ನ್ಯಾಯಾಧೀಶರ ವಿವೇಚನೆಗೆ ಮಾತ್ರ ಬಿಟ್ಟ ವಿಷಯವಾಗಿ ಉಳಿದಿಲ್ಲವಾದ್ದರಿಂದ, ಬೆಲೆ ಏರಿತೆಂಬ ಒಂದೇ ನೆಪದಿಂದ ಮಾಲೀಕರು ಪಾರಾಗುವುದು ಕಷ್ಟ.

ನನ್ನನ್ನು ಚಿಂತೆಗೀಡುಮಾಡಿರುವುದು ನೀವು ಉದ್ಧರಿಸಿರುವ ಸ್ವಾಧೀನದ ಸಾಲು. ಪತ್ರ ಬರಹಗಾರರು ಹಳೆಯ ನಕಲನ್ನು ಮುಂದಿಟ್ಟುಕೊಂಡು ಅಭ್ಯಾಸಬಲದಿಂದ ಈ ಸಾಲನ್ನು ಬರೆದುಬಿಡುತ್ತಾರೆ, ಸಹಿ ಹಾಕುವವರು ಓದುವುದಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಸ್ವಾಧೀನ ಸಹಿತವಾದ ಕರಾರಿಗೆ ಕ್ರಯಪತ್ರಕ್ಕೆ ತೆರುವಷ್ಟೇ ಶುಲ್ಕ ತೆರಬೇಕು, ಮತ್ತು ಶುಲ್ಕವನ್ನು ನಿರ್ಧರಿಸುವುದು ಪತ್ರದಲ್ಲಿರುವ ಒಕ್ಕಣೆಯೇ ಹೊರತು ನೇಗಿಲು ಹಿಡಿದವರು ಯಾರೆಂಬುದಲ್ಲ. ಶೇ 5ರ ಲೆಕ್ಕದಲ್ಲಿ, ಸೆಸ್ಸು ಬಿಟ್ಟು, 40 ಲಕ್ಷಕ್ಕೆ 2 ಲಕ್ಷ ಶುಲ್ಕವಾದರೆ, ನ್ಯಾಯಾಲಯದಲ್ಲಿ ಪತ್ರವನ್ನು ಸಾಕ್ಷ್ಯವೆಂದು ಗುರುತಿಸುವ ಹೊತ್ತಿಗೆ ಅದರ ಹತ್ತು ಪಟ್ಟು, ಅಂದರೆ ಸುಮಾರು 20 ಲಕ್ಷ ದಂಡ ಬೀಳಬಹುದು. ನೀವು ಕೊಟ್ಟ ಮುಂಗಡವೇ 12 ಲಕ್ಷ! ಈ ದಂಡವನ್ನು ಇಳಿಸುವ ಅಧಿಕಾರ ವಿಚಾರಣಾ ನ್ಯಾಯಾಲಯಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ, ನಮ್ಮ ರಾಜ್ಯದ್ದೇ ಆದ ಗಂಗಪ್ಪ ಪ್ರಕರಣದಲ್ಲಿ ಹೇಳಿದೆ. ಆದರೆ ಮುದ್ರಾಂಕ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧಿಕಾರವಿರುವವರು ದಂಡವನ್ನು ಕಡಿಮೆ ಮಾಡಬಹುದು. ಆದ್ದರಿಂದ ಪತ್ರವನ್ನು ಗುರುತಿಸುವ ಮೊದಲೇ ಅವರಿಗೆ ಕಳುಹಿಸಿಕೊಡಬೇಕೆಂದು ನಿಮ್ಮ ವಕೀಲರು ನ್ಯಾಯಾಲಯದಲ್ಲಿ ಕೇಳಿಕೊಳ್ಳಲಿ.

ಇಷ್ಟಾಗಿಯೂ ಆ ಸಾಲಿನಿಂದ ನಿಮಗೆ ಲಾಭವೇನೂ ಇಲ್ಲ. ಸ್ವಾಧೀನದ ಆಧಾರದ ಮೇಲೆ, ಮಾಲೀಕರು ನಿಮ್ಮನ್ನು ಜಮೀನಿನಿಂದ ಹೊರಹಾಕದಂತೆ ತಡೆಯುವ ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಮಿನ ರಕ್ಷಣೆ ಬೇಕಿದ್ದರೆ, 2001ರ ಸೆಪ್ಟೆಂಬರ್ 24ರ ನಂತರದ ಕರಾರು ನೋಂದಣಿಯಾಗಿರಲೇಬೇಕು.

ಕಾಲಮಿತಿಯ ಬಗ್ಗೆ ಎಚ್ಚರವಿರಲಿ. ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ನಿಮ್ಮ ವಿಷಯದಲ್ಲಿ 2026ರ ಸೆಪ್ಟೆಂಬರ್ 9 ದಾಟದಿರಲಿ. ಪೋಡಿಯೇ ಆಗಿಲ್ಲವಾದ್ದರಿಂದ ಅವಧಿ ಇನ್ನೂ ಶುರುವಾಗಿಲ್ಲವೆಂದು ವಾದಿಸಬಹುದಾದರೂ ಅದು ಕೊನೆಯ ಗುರಾಣಿಯಾಗಿರಲಿ, ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಉಳಿದ 28 ಲಕ್ಷ ಕೊಡಲು ಮೊದಲಿನಿಂದಲೂ ಸಿದ್ಧರಿದ್ದಿರೆಂದು ತೋರಿಸುವ ಪಾಸ್‌ಬುಕ್ಕು, ಸಾಲ ಮಂಜೂರಾತಿ ಪತ್ರ, ಮಾಲೀಕರಿಗೆ ಕಳುಹಿಸಿದ ನೋಟಿಸಿನ ಅಂಚೆ ರಸೀದಿ ಇವನ್ನೆಲ್ಲ ಜೋಡಿಸಿಟ್ಟುಕೊಳ್ಳಿ. ಜಮೀನು ಸಿಗದಿದ್ದರೆ ಮುಂಗಡವನ್ನು ಬಡ್ಡಿ ಸಹಿತ ಕೊಡಿಸಬೇಕೆಂಬ ಪರ್ಯಾಯ ಕೋರಿಕೆಯನ್ನೂ ದಾವೆಯಲ್ಲಿ ಸೇರಿಸಿ, ಏಕೆಂದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಮಿನ ಪ್ರಕಾರ ಕೇಳದೇ ಇದ್ದದ್ದನ್ನು ನ್ಯಾಯಾಲಯ ಕೊಡುವುದಿಲ್ಲ.

ಪ್ರಶ್ನೆ: ನನ್ನ ಕರಾರು ನೋಂದಣಿಯಾಗಿದ್ದರೂ ಮಾಲೀಕರು ಅದೇ ಜಮೀನನ್ನು ಮತ್ತೊಬ್ಬರಿಗೆ ಕ್ರಯ ಮಾಡಿದ್ದಾರೆ. ಕರಾರಿನ ವಿಷಯ ತಮಗೆ ಗೊತ್ತಿರಲಿಲ್ಲವೆಂದು ಕೊಂಡವರು ಹೇಳುತ್ತಾರೆ.
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಆ ಮಾತು ನಿಲ್ಲುವುದು ಕಷ್ಟ. ಬೆಲೆ ಕೊಟ್ಟು, ಸದ್ಭಾವನೆಯಿಂದ, ಹಿಂದಿನ ಕರಾರಿನ ತಿಳಿವಳಿಕೆಯಿಲ್ಲದೆ ಕೊಂಡವರಿಗೆ ಮಾತ್ರ ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಕಲಮು ರಕ್ಷಣೆ ಕೊಡುತ್ತದೆ; ಕರಾರು ನೋಂದಣಿಯಾಗಿದ್ದಾಗ ಅದು ಗೊತ್ತಿರಲಿಲ್ಲವೆಂದು ನ್ಯಾಯಾಲಯವನ್ನು ಒಪ್ಪಿಸುವುದು ಸುಲಭವಲ್ಲ. ಒಂದು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದರೆ ನಿಮ್ಮ ಹೆಸರು ಅದರಲ್ಲೇ ಕಾಣುತ್ತಿತ್ತು. ಮಾಲೀಕರನ್ನೂ ಹೊಸ ಖರೀದಿದಾರರನ್ನೂ ಪ್ರತಿವಾದಿಗಳನ್ನಾಗಿ ಮಾಡಿ. ಇಬ್ಬರೂ ಸೇರಿ ನಿಮಗೆ ಕ್ರಯಪತ್ರ ಬರೆದುಕೊಡಬೇಕೆಂಬ ಡಿಕ್ರಿಯ ಸ್ವರೂಪವನ್ನು ಸುಪ್ರೀಂ ಕೋರ್ಟ್ 1950ರ ದಶಕದಷ್ಟು ಹಿಂದೆಯೇ ಒಪ್ಪಿದೆ.

ಪ್ರಶ್ನೆ: ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಸದ್ಯಕ್ಕೆ ಕರಾರು ಮಾಡಿಕೊಂಡು, ಸರ್ಕಾರದ ಅನುಮತಿಯನ್ನು ಆಮೇಲೆ ಪಡೆಯಬಹುದೇ?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಬೇಡ. ಪಿಟಿಸಿಎಲ್ ಎಂದು ಕರೆಯುವ 1978ರ ಪರಭಾರೆ ನಿಷೇಧ ಕಾಯ್ದೆಯಲ್ಲಿ ‘ವರ್ಗಾವಣೆ’ ಎಂಬ ಪದದೊಳಗೆ ಮಾರಾಟದ ಕರಾರೂ ಸೇರಿದೆ. ಸರ್ಕಾರದ ಪೂರ್ವಾನುಮತಿ ಕೈಗೆ ಬರುವ ಮೊದಲು ಮುಂಗಡದ ಒಂದು ರೂಪಾಯಿಯನ್ನೂ ಕೊಡಬೇಡಿ.